ನುಂಗುವುದಕ್ಕಿಂತ ಅಗಲಿಸುವುದೇ ಹೆಚ್ಚು

ಕಪ್ಪುಕುಳಿಯೆಂದರೆ ಎದುರಿಗೆ ಬಂದುದನ್ನೆಲ್ಲ ನುಂಗುವ ರಾಕ್ಷಸನೆಂದು ತರಗತಿಗಳಲ್ಲಿ ಹೇಳುವುದು ವಾಡಿಕೆಯಾಗಿದೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಅದು ನುಂಗುವುದು ಅಪರೂಪ. ಜೊತೆಗಿದ್ದವರನ್ನು ಅಗಲಿಸುವುದೇ ಹೆಚ್ಚು.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ಆದವಾನಿಯವರಿಗೆ ಮೂಲಾ ನಕ್ಷತ್ರ ಹೊಸದಲ್ಲ. ಮೇ ತಿಂಗಳಲ್ಲಿ ನಡುರಾತ್ರಿ ಕಳೆದ ಮೇಲೆ ಅದು ದಕ್ಷಿಣದಲ್ಲಿ ಏರಿರುತ್ತದೆ. (ಆ ನಕ್ಷತ್ರದಲ್ಲಿ ಹುಟ್ಟಿದ ಹೆಣ್ಣನ್ನು ಸೊಸೆಯಾಗಿ ತರಲು ಹಿಂಜರಿಯುವವರು ಇನ್ನೂ ಇದ್ದಾರೆಂಬುದು ನಾಚಿಕೆಯ ಮಾತು.) ಅದರಿಂದ ತುಸು ಮೇಲಕ್ಕೆ, ಸುಮಾರು 26,000 ಜ್ಯೋತಿರ್ವರ್ಷಗಳ ಆಚೆ, ಆಕಾಶಗಂಗೆಯ ನಡುವೆ 40 ಲಕ್ಷ ಸೂರ್ಯರಷ್ಟು ದ್ರವ್ಯರಾಶಿಯ ಕಪ್ಪುಕುಳಿಯಿದೆ. ಎಸ್2 ಎಂಬ ನಕ್ಷತ್ರ 16 ವರ್ಷಕ್ಕೊಮ್ಮೆ ಅದನ್ನು ಸುತ್ತುತ್ತದೆ. 2018ರ ಮೇ ತಿಂಗಳಲ್ಲಿ, ಭೂಮಿಗೂ ಸೂರ್ಯನಿಗೂ ಇರುವ ಅಂತರದ ಸುಮಾರು 120 ಪಟ್ಟು ದೂರದಲ್ಲಿ, ಸೆಕೆಂಡಿಗೆ 7,000 ಕಿಲೋಮೀಟರಿಗೂ ಮಿಗಿಲಾದ ವೇಗದಿಂದ ಹಾದು, ಸುರಕ್ಷಿತವಾಗಿ ಹೊರಟುಹೋಯಿತು.

ನಮ್ಮ ಸೂರ್ಯನೇ ಆ ದಾರಿ ಹಿಡಿದನೆನ್ನೋಣ. ಸೂರ್ಯನೂ ಉಳಿಯುತ್ತಾನೆ. ಆದರೆ ಭೂಮಿ? ಕಪ್ಪುಕುಳಿಯ ಸೆಳೆತ ಹತ್ತಿರದ ವಸ್ತುವಿನ ಮೇಲೆ ಹೆಚ್ಚು, ದೂರದ್ದರ ಮೇಲೆ ಕಡಿಮೆ. ಕಡಲಿನಲ್ಲಿ ಉಬ್ಬರವಿಳಿತ ತರುವುದೂ ಸೆಳೆತದ ಇಂಥ ವ್ಯತ್ಯಾಸವೇ. ಕಡಲು ಕಾಣದ ನಮ್ಮೂರಿನ ಮಕ್ಕಳಿಗೆ ಅದು ಎರಡು ಅಂಕದ ಪ್ರಶ್ನೆ ಮಾತ್ರ! ಕಪ್ಪುಕುಳಿಯ ದ್ರವ್ಯರಾಶಿ ಸೂರ್ಯನದಕ್ಕಿಂತ ಎಷ್ಟು ಪಟ್ಟೋ ಅದನ್ನು ಮೂರರಿಂದ ಗುಣಿಸಿ ಘನಮೂಲ ತೆಗೆಯಿರಿ, ಸುಮಾರು 229. ದೂರವಾದ 120ನ್ನು ಇದರಿಂದ ಭಾಗಿಸಿದರೆ ಅರ್ಧಕ್ಕೆ ತುಸು ಹೆಚ್ಚು. ಅಂದರೆ ಭೂಮಿ-ಸೂರ್ಯರ ಅಂತರದ ಅರ್ಧದಷ್ಟರ ಒಳಗಿರುವುದನ್ನು ಮಾತ್ರ ಸೂರ್ಯ ಹಿಡಿದುಕೊಳ್ಳಬಲ್ಲ. ಬುಧ ಉಳಿದರೂ ಉಳಿದೀತು. ಶುಕ್ರ, ಭೂಮಿ, ಮಂಗಳಗಳ ಕೈ ಬಿಟ್ಟಂತೆಯೇ.

ಬಿಟ್ಟವು ಎಲ್ಲಿಗೆ ಹೋಗುತ್ತವೆ? ಕೆಲವು ಕಪ್ಪುಕುಳಿಯನ್ನೇ ಸುತ್ತತೊಡಗುತ್ತವೆ, ಕೆಲವು ಎಸೆಯಲ್ಪಡುತ್ತವೆ. ಜೋಡಿ ನಕ್ಷತ್ರ ಹತ್ತಿರ ಬಂದರೆ ಒಂದು ಸೆರೆಯಾಗಿ ಇನ್ನೊಂದು ಸಿಡಿದುಹೋಗುವುದೆಂದು 1988ರಲ್ಲಿ ಹಿಲ್ಸ್ ಎಂಬವರು ಲೆಕ್ಕ ಹಾಕಿದರು. ಆಕಾಶಗಂಗೆಯನ್ನೇ ಬಿಟ್ಟೋಡುವ ಅಂಥ ಮೊದಲ ನಕ್ಷತ್ರ 2005ರಲ್ಲಿ ಸಿಕ್ಕಿತು. ಗ್ರಹಗಳಿಗೂ ಇದೇ ಗತಿಯೆಂಬುದು ಅನಂತರದ ಲೆಕ್ಕ. ಎಸೆಯಲ್ಪಟ್ಟ ಭೂಮಿಗೆ ಬೆಳಗೆಂಬುದಿಲ್ಲ, ಕಡಲುಗಳು ಹೆಪ್ಪುಗಟ್ಟುತ್ತವೆ.

ಇದನ್ನು ರಾಕ್ಷಸನ ಕತೆಯಾಗಿ ಹೇಳಿದರೆ ಮಕ್ಕಳು ಹೆದರುತ್ತಾರೆ, ಕಲಿಯುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರರು, ಕಲಕಿದ ಕಪ್ಪುಕುಳಿ ಘಂಟೆಯಂತೆ ಮಿಡಿದು ಸುಮ್ಮನಾಗುವುದೆಂದು 1970ರಲ್ಲಿ ತೋರಿಸಿದ್ದು ಲೆಕ್ಕದಿಂದಲೇ. ಘನಮೂಲ ನಮ್ಮ ಪಾಠದಲ್ಲಿಯೂ ಇದೆ. ವಿದ್ಯಾರ್ಥಿ ಮಿತ್ರರು 120ರ ಬದಲು 1,000 ಇಟ್ಟು ನೋಡಲಿ: ಭೂಮಿ ಉಳಿಯುತ್ತದೆ, ಗುರು ಎಲ್ಲೆಯಾಚೆ ಬೀಳುತ್ತದೆ.