ಮೌಸ್ ನಿಂತಿತೆಂದು ಮಕ್ಕಳ ಬರಹವನ್ನು ಅಳಿಸಬೇಡಿ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮಹಾಜನರಲ್ಲಿಯೂ ಉಪಾಧ್ಯಾಯ ಬಂಧುಗಳಲ್ಲಿಯೂ ವಿಜ್ಞಾಪನೆ.

ಲಿನಕ್ಸ್ ಗಣಕದ ಮೌಸ್ ನಿಶ್ಚಲವಾಯಿತೆಂಬ ಒಂದೇ ಕಾರಣಕ್ಕೆ ಇಡೀ ಗಣಕವನ್ನೇ ‘ಫಾರ್ಮ್ಯಾಟ್ ಹೊಡೆಸುವ’ ಅನಾಚಾರವು ನಮ್ಮ ಊರುಗಳಲ್ಲಿ ಎಷ್ಟು ಬೇರೂರಿದೆಯೆಂಬುದನ್ನು ನಾನು ವಿವರಿಸಬೇಕಾದುದಿಲ್ಲ. ನೀವೂ ಕಂಡಿದ್ದೀರಿ, ಕಂಡು ಸುಮ್ಮನಿದ್ದೀರಿ. ಅಜ್ಜಂಪುರದ ಕಡೆಯ ಶಾಲೆಯೊಂದರಲ್ಲಿ ಮಕ್ಕಳು ತಮ್ಮ ಅಜ್ಜಿಯರಿಂದ ಕೇಳಿಕೊಂಡು ಬಂದು, ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತಿ ಬರೆದಿಟ್ಟಿದ್ದ ಸೋಬಾನೆ ಪದಗಳೂ, ಅಮೃತಮಹಲ್ ದನಗಳನ್ನು ಕುರಿತ ಪುಟ್ಟ ಪ್ರಬಂಧಗಳೂ ಹೀಗೆಯೇ ನಿರ್ನಾಮವಾದುದನ್ನು ಕಣ್ಣಾರೆ ಕಂಡ ಮೇಲೆ ಮೌನವಾಗಿರುವುದು ನನಗೆ ಸಾಧ್ಯವಾಗಲಿಲ್ಲ. ಎಲ್ಲವನ್ನೂ ಅಳಿಸಿ, ವಿಂಡೋಸಿನ ಕಳ್ಳಪ್ರತಿಯನ್ನು ತುಂಬಿದ ಮೇಲೂ ಮೌಸ್ ಅಲುಗಲಿಲ್ಲ! ಅದರ ತಂತಿ ಬುಡದಲ್ಲಿಯೇ ತುಂಡಾಗಿತ್ತು; ತಿರುಗಿಸಿ ನೋಡಿದ್ದರೆ ಅಡಿಯ ಕೆಂಪು ದೀಪ ಹತ್ತಿಲ್ಲವೆಂಬುದು ಹಸುಳೆಗೂ ಕಾಣುತ್ತಿತ್ತು.

ಯಂತ್ರ ಕೆಡುವುದು ಸಹಜ, ರಿಪೇರಿಯವನಿಗೆ ಲಿನಕ್ಸ್ ತಿಳಿಯದಿರುವುದೂ ಮಹಾಪರಾಧವಲ್ಲ. ಆದರೆ ನೋಡದೆ, ಕೇಳದೆ, “ಈ ಲಿನಕ್ಸೇ ಸರಿಯಿಲ್ಲ ಸಾರ್, ತೆಗೆದುಬಿಡೋಣ” ಎಂದು ಪರರ ಪರಿಶ್ರಮದ ಮೇಲೆ ಕೈಯಿಡುವ ಆ ಆತುರವನ್ನು ನಾನು ಎಂದಿಗೂ ಕ್ಷಮಿಸಲಾರೆ. ಅದಕ್ಕೆ ತಲೆದೂಗಿ ದುಡ್ಡು ಕೊಟ್ಟು ಬರುವ ನಾವೂ ಆ ಪಾಪದಲ್ಲಿ ಪಾಲುದಾರರೇ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಮೊದಲಿಟ್ಟ ಈ ಲಿನಕ್ಸ್ ತನ್ನ ವ್ಯಾಧಿಯನ್ನು ಬಚ್ಚಿಡುವಂಥದಲ್ಲ. ಕ್ಯಾಪ್ಸ್ ಲಾಕ್ ಒತ್ತಿದಾಗ ಕೀಲಿಮಣೆಯ ದೀಪ ಹತ್ತಿ ಆರಿದರೆ ಗಣಕ ಬಹುಮಟ್ಟಿಗೆ ಜೀವಂತವಾಗಿದೆಯೆಂದೇ ಅರ್ಥ. ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ, ತೆರೆದ ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ (lsusb) ಎಂಬ ಆಜ್ಞೆಯನ್ನು ಕೊಟ್ಟರೆ, ಗಣಕಕ್ಕೆ ಕಾಣುತ್ತಿರುವ ಯುಎಸ್‌ಬಿ ಉಪಕರಣಗಳೆಲ್ಲ ಸಾಲುಸಾಲಾಗಿ ಬರುತ್ತವೆ. ತಂತಿಯ ಮೌಸಿನ ಸಾಲು ಅಲ್ಲಿಲ್ಲದಿದ್ದರೆ ದೋಷವನ್ನು ತಂತಿಯಲ್ಲಿಯೋ ಕಿಂಡಿಯಲ್ಲಿಯೋ ಮೊದಲು ಹುಡುಕಬೇಕು; ಇದ್ದೂ ಮೌಸ್ ಓಡದಿದ್ದರೆ, ವಿದ್ಯುತ್ತನ್ನು ಉಳಿಸಲು ಗಣಕವೇ ಅದನ್ನು ನಿದ್ರೆಗೆ ದೂಡಿರಬಹುದು, ಕಿತ್ತು ಮತ್ತೆ ಚುಚ್ಚಿದರೆ ಎಚ್ಚೆತ್ತೀತು. ತಂತಿಯಿಲ್ಲದ ಮೌಸಾದರೆ ಮೊದಲು ಸೆಲ್ ಬದಲಿಸಿ. ಇಷ್ಟಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷವನ್ನು ಕೊಡಲೊಲ್ಲದವನ ಕೈಗೆ ಮಕ್ಕಳ ಇಡೀ ವರ್ಷದ ದುಡಿಮೆಯನ್ನು ಒಪ್ಪಿಸುವುದು ಯಾವ ನ್ಯಾಯ?

ಕಾಸರಗೋಡಿನ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಇದೇ ಲಿನಕ್ಸಿನಲ್ಲಿ ಪಾಠ ಕಲಿಯುತ್ತಿದ್ದಾರೆ. ಅಲ್ಲಿನ ಮೌಸುಗಳೇನು ಅಮರವೇ? ಅಲ್ಲಿ ಸಾಧ್ಯವಾದದ್ದು ತರೀಕೆರೆಯಲ್ಲಿ, ಕಡೂರಿನಲ್ಲಿ ಏಕೆ ಸಾಧ್ಯವಾಗಬಾರದು?

ಆದುದರಿಂದ ಬಂಧುಗಳೇ, ಶಾಲೆಗೆ ಬೇರೊಂದು ಹಳೆಯ ಮೌಸನ್ನಾದರೂ ತಂದಿಡಿ. ಅದನ್ನು ಚುಚ್ಚಿ ನೋಡದೆ ಗಣಕವನ್ನು ಹೊಸಿಲು ದಾಟಿಸಬೇಡಿ. ದಾಟಿಸಲೇಬೇಕಾದರೆ, ಅಂಗಡಿಯವನು ಅದನ್ನು ಅಳಿಸಹೊರಡುವ ಮುನ್ನ ಒಂದು ಮಾತು ಕೇಳಿ: “ಮಕ್ಕಳು ಬರೆದದ್ದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡಿರಾ?” ಇಲ್ಲವೆಂದರೆ, ದಯವಿಟ್ಟು ಗಣಕವನ್ನು ಎತ್ತಿಕೊಂಡು ಹಿಂದಿರುಗಿರಿ.