ದಾನವೆಷ್ಟು, ಖರೀದಿಯೆಷ್ಟು?

ದೇಣಿಗೆ ನೀಡಿದವರಿಗೆ ಭೋಜನಕೂಟ, ಸಂಗೀತ ಸಂಜೆಯ ಟಿಕೆಟ್, ಮುಂದಿನ ಸಾಲಿನ ಆಸನ ಒದಗಿಸಿ ಸತ್ಕರಿಸುವುದು ನಿಧಿಸಂಗ್ರಹದ ಹಳೆಯ ರೂಢಿ. ಆದರೆ ಕೊಟ್ಟ ಮೊತ್ತದಲ್ಲಿ ದಾನವೆಷ್ಟು, ಖರೀದಿಯೆಷ್ಟು ಎಂಬ ಪ್ರಶ್ನೆ ತೆರಿಗೆ ವಿನಾಯಿತಿ ಕೋರುವಾಗ ಎದುರಾಗುತ್ತದೆ. ಇದಕ್ಕೆ ಸವಿವರ ನಿಯಮ ರೂಪಿಸಿರುವ ದೇಶಗಳಲ್ಲಿ ಅಮೆರಿಕವೂ ಒಂದು. ಲಾಭರಹಿತ ಸಂಸ್ಥೆಗಳಾಗಿ ತೆರಿಗೆ ಮಾನ್ಯತೆ ಪಡೆದು ಅಲ್ಲಿ ದೇಣಿಗೆ ಎತ್ತುವ ಕನ್ನಡ ಸಂಘಗಳೂ ಇದಕ್ಕೆ ಹೊರತಲ್ಲ.

ಮೂಲ ಲೆಕ್ಕ ಸರಳ. 100 ಡಾಲರ್ ಕೊಟ್ಟವರಿಗೆ 40 ಡಾಲರ್ ಬೆಲೆಯ ಊಟ ದೊರೆತರೆ, ದಾನವೆನಿಸುವುದು 60 ಡಾಲರ್ ಮಾತ್ರ. ಪಾವತಿ 75 ಡಾಲರ್ ಮೀರಿದರೆ ಪ್ರತಿಫಲದ ಅಂದಾಜು ಬೆಲೆಯನ್ನು ಸಂಸ್ಥೆಯೇ ಲಿಖಿತವಾಗಿ ತಿಳಿಸಬೇಕು. ತಪ್ಪಿದಲ್ಲಿ ಪ್ರತಿ ದೇಣಿಗೆಗೆ 10 ಡಾಲರ್‌ನಂತೆ, ಒಂದು ಕಾರ್ಯಕ್ರಮಕ್ಕೆ ಗರಿಷ್ಠ 5,000 ಡಾಲರ್ ದಂಡ. ಸಂಸ್ಥೆಯ ಲಾಂಛನವುಳ್ಳ ಲೋಟದಂತಹ ಅಲ್ಪ ಬೆಲೆಯ ಕಾಣಿಕೆಗಳನ್ನು ನಿಗದಿತ ಮಿತಿಯೊಳಗೆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಂಘಟಕರು ಎಡವುವುದು ಬೆಲೆ ಕಟ್ಟುವಲ್ಲಿ. ಇಲ್ಲಿ ಪರಿಗಣನೆಗೆ ಬರುವುದು ಸಂಸ್ಥೆ ಮಾಡಿದ ಖರ್ಚಲ್ಲ, ದಾನಿಗೆ ದೊರೆತದ್ದರ ಮಾರುಕಟ್ಟೆ ಬೆಲೆ. ಹೋಟೆಲಿನವರು ಪುಕ್ಕಟೆಯಾಗಿ ಅಡುಗೆ ಮಾಡಿಕೊಟ್ಟಿದ್ದರೂ ಊಟದ ಬೆಲೆ ಕಳೆಯಲೇಬೇಕು. ಟಿಕೆಟ್ ಪಡೆದು ಕಾರ್ಯಕ್ರಮಕ್ಕೆ ಹೋಗದೆ ಉಳಿದವರಿಗೂ ಪೂರ್ಣ ವಿನಾಯಿತಿಯಿಲ್ಲ. ಹಣ ಕೊಡುವಾಗಲೇ ಟಿಕೆಟ್ ಬೇಡವೆಂದವರಿಗೆ ಮಾತ್ರ ಅದು ಲಭ್ಯ.

ಪ್ರಭಾವಿಗಳಿಗಾಗಿ ಈ ತತ್ವವೇ ಸಡಿಲಗೊಂಡದ್ದೂ ಉಂಟು. ವಿಶ್ವವಿದ್ಯಾಲಯಗಳ ಕ್ರೀಡಾಂಗಣದಲ್ಲಿ ಆಸನದ ಟಿಕೆಟ್ ಕೊಳ್ಳುವ ಹಕ್ಕಿಗಾಗಿ ನೀಡಿದ ಹಣದ ಶೇ 80ರಷ್ಟನ್ನು ದಾನವೆಂದು ಪರಿಗಣಿಸಲು 1988ರ ಕಾನೂನು ಅವಕಾಶ ನೀಡಿತ್ತು. 2017ರ ತೆರಿಗೆ ಸುಧಾರಣೆ ಅದನ್ನು ರದ್ದುಪಡಿಸಿತು.

ಬೆಲೆ ಕಟ್ಟಲಾಗದ ಪ್ರತಿಫಲವೆಂದರೆ ಹೆಸರು. ಭಾರತದಲ್ಲಿ ಈ ಪ್ರಶ್ನೆ ಜಿಎಸ್‌ಟಿಯ ರೂಪದಲ್ಲಿ ಬಂದಿತು. ದೇವಾಲಯದ ಕೋಣೆಯ ಬಾಗಿಲಿನ ಮೇಲೆ ತಂದೆಯ ಸ್ಮರಣಾರ್ಥ ದಾನವೆಂದು ದಾನಿಯ ಹೆಸರು ಬರೆಸಿದರೆ ಅದು ಕೃತಜ್ಞತೆಯಷ್ಟೇ, ತೆರಿಗೆಯಿಲ್ಲ ಎಂದು 2019ರ ಅಕ್ಟೋಬರ್‌ನ ಕೇಂದ್ರದ ಸುತ್ತೋಲೆ ಸ್ಪಷ್ಟಪಡಿಸಿತು. ಅದೇ ಫಲಕ ದಾನಿಯ ವ್ಯಾಪಾರದ ಜಾಹೀರಾತಾದರೆ ಈ ರಕ್ಷಣೆ ದೊರೆಯದು.

ಎರಡೂ ಕಡೆಯ ತಿರುಳು ಒಂದೇ: ದಾನಿಯ ಉದ್ದೇಶ ಎಷ್ಟೇ ಉದಾತ್ತವಾಗಿದ್ದರೂ ಪ್ರತಿಯಾಗಿ ಪಡೆದದ್ದು ದಾನವಾಗದು. ಆ ಭಾಗಕ್ಕೂ ವಿನಾಯಿತಿ ಕೊಟ್ಟರೆ ಒಬ್ಬರ ಭೋಜನದ ಬೆಲೆಯಲ್ಲಿ ಒಂದು ಪಾಲನ್ನು, ಆ ಪಂಕ್ತಿಯಲ್ಲಿ ಕೂರದ ಇತರ ತೆರಿಗೆದಾರರು ಭರಿಸಬೇಕಾಗುತ್ತದೆ. ರಸೀದಿಯಲ್ಲಿ ಎರಡು ಮೊತ್ತಗಳನ್ನು ಬೇರೆಬೇರೆಯಾಗಿ ಬರೆಯುವ ಸಂಸ್ಥೆ ದಾನಿಯನ್ನೂ ತನ್ನನ್ನೂ ಕಾಪಾಡಿಕೊಳ್ಳುತ್ತದೆ.