‘ಕರೆಸಿಕೊಳ್ಳೋಣ’ ಎನ್ನುವ ಮೊದಲು

ನಮ್ಮ ಕೂಟದ ಹಬ್ಬದ ಊಟದ ಸಾಲಿನಲ್ಲಿ ನಿಂತ ವೈದ್ಯರಿಗೆ ಎರಡು ಬಗೆಯ ಪ್ರಶ್ನೆಗಳು ಎದುರಾಗುತ್ತವೆ. ಕೊಲೆಸ್ಟರಾಲು, ಮಂಡಿನೋವುಗಳ ಪ್ರಶ್ನೆ ಹೋಳಿಗೆ ಬಡಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಇನ್ನೊಂದನ್ನು ಜನ ಊಟ ಮುಗಿಸಿ, ಕಾರಿನ ತನಕ ಜೊತೆಗೆ ನಡೆದು ಬಂದು ಕೇಳುತ್ತಾರೆ. “ಡಾಕ್ಟ್ರೇ, ಊರಲ್ಲಿ ಅಮ್ಮ ಒಬ್ಬರೇ ಆಗಿಬಿಟ್ಟಿದ್ದಾರೆ. ಇಲ್ಲಿಗೇ ಕರೆಸಿಕೊಳ್ಳೋಣ ಅಂತಿದ್ದೀವಿ. ಇನ್ಶೂರೆನ್ಸ್ ಹೇಗೆ?”

ಇನ್ಶೂರೆನ್ಸಿನ ವಿಚಾರವನ್ನು ಮುಂದೆ ಹೇಳುತ್ತೇನೆ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆಯೆಂಬುದು ನನ್ನ ಅಭಿಪ್ರಾಯ. ನಿಮ್ಮ ತಾಯಿ ಇಲ್ಲಿ ತಾವೊಬ್ಬರೇ ಮನೆಯ ಬಾಗಿಲು ತೆಗೆದು ಹೊರಗೆ ಹೋಗಿ, ಯಾರೊಡನಾದರೂ ನಾಲ್ಕು ಮಾತನಾಡಿ, ತಿರುಗಿ ಬರಬಲ್ಲರೇ? ‘ಬರಬಲ್ಲರು’ ಎನ್ನುವಷ್ಟು ಶಕ್ತಿ ಅವರಲ್ಲಿರುವಾಗಲೇ ನಿರ್ಧಾರವಾಗಬೇಕು. ನಾವಾದರೋ ಇಬ್ಬರಲ್ಲೊಬ್ಬರು ತೀರಿಕೊಂಡ ಮೇಲೆ, ಇಲ್ಲವೇ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದ ಮೇಲೆ ನಿರ್ಧರಿಸುತ್ತೇವೆ. ವೈದ್ಯಳಾದ ನಾನೂ ಹಾಗೆಯೇ ಮಾಡಿದೆ.

ನಮ್ಮ ತಂದೆ ತಿಪಟೂರಿನವರು, ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. 2021ರಲ್ಲಿ ತಾಯಿ ತೀರಿಕೊಂಡರು. ಹನ್ನೊಂದರ ಕಾರ್ಯದ ದಿನ ಬಂಧುವೊಬ್ಬರು ನನ್ನ ಕಿವಿಗೆ ಬೀಳುವಂತೆ, “ಮಗಳು ಅಮೆರಿಕದಲ್ಲಿ ಡಾಕ್ಟ್ರು, ಇವರಿಗೆ ಇಲ್ಲಿ ಗಂಜಿ ಕಾಯಿಸಿ ಕೊಡೋರಿಲ್ಲ” ಎಂದರು. ನಾಚಿಕೆಯಾದರೂ ಹೇಳುತ್ತೇನೆ, ಐ-130 ಅರ್ಜಿಯನ್ನು ತುಂಬುವಾಗ ನನ್ನ ಮನಸ್ಸಿನಲ್ಲಿ ಅಪ್ಪನ ಒಂಟಿತನದಷ್ಟೇ ಆ ಮಾತೂ ಕುಳಿತಿತ್ತು. ಅಪ್ಪನನ್ನು ಕೇಳಲಿಲ್ಲವೆಂದಲ್ಲ. “ನೀನು ಹೇಗೆ ಹೇಳ್ತೀಯೋ ಹಾಗೆ ಪುಟ್ಟಿ” ಎಂದಿದ್ದರು. ಅದನ್ನೇ ಒಪ್ಪಿಗೆಯೆಂದು ಬಗೆದೆ.

2023ರ ಅಕ್ಟೋಬರಿನಲ್ಲಿ, ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಅವರು ಫ್ರೀಮಾಂಟಿನ ನಮ್ಮ ಮನೆಗೆ ಬಂದರು. ನಾವಿಬ್ಬರೂ ಬೆಳಿಗ್ಗೆ ಏಳೂವರೆಗೆ ಹೊರಡುವವರು, ಮಕ್ಕಳಿಗೆ ಶಾಲೆ. ಸಂಜೆಯವರೆಗೆ ಅವರಿಗೆ ಜೊತೆಯಾದದ್ದು ಟಿ.ವಿ. ಮತ್ತು ಫೋನು. ತಿಪಟೂರಿನ ಗೆಳೆಯರಿಂದ ದಿನವೂ ಕೊಬ್ಬರಿ ಧಾರಣೆ ತರಿಸಿಕೊಂಡು ರಾತ್ರಿ ಊಟದ ಹೊತ್ತಿಗೆ ನಮಗೆ ಹೇಳುತ್ತಿದ್ದರು. ತೋಟ ಮಾರಿ ಎಷ್ಟೋ ವರ್ಷಗಳಾಗಿತ್ತು. ಧಾರಣೆ ಮಾತ್ರ ಬೇಕು. ಚಳಿಗಾಲ ಕಳೆಯುವಷ್ಟರಲ್ಲಿ ಆ ಮಾತೂ ನಿಂತಿತು. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ಹಗಲೆಲ್ಲ ನಿದ್ರೆ, ಮೊಮ್ಮಕ್ಕಳ ಹೆಸರು ಅದಲುಬದಲು. ನಾನು ಮರೆವಿನ ಕಾಯಿಲೆಯೆಂದು ಶಂಕಿಸಿ ಪರೀಕ್ಷೆಗೆ ದಿನ ಗೊತ್ತುಮಾಡಿದೆ.

ಆ ದಿನ ನನಗೆ ಡ್ಯೂಟಿ ಇದ್ದುದರಿಂದ ಯಜಮಾನರು ಕರೆದುಕೊಂಡು ಹೋಗಿ ಹೊರಗೆ ಕಾದು ಕುಳಿತರು. ಇಂಡಿಯಾದವರೆಂದೊಡನೆ ಆ ಕ್ಲಿನಿಕ್ಕಿನವರು ಫೋನಿನಲ್ಲಿ ಹಿಂದಿ ದುಭಾಷಿಯನ್ನು ಹಿಡಿದುಕೊಟ್ಟಿದ್ದರು. ಅಪ್ಪನ ಹಿಂದಿ ‘ಠೀಕ್ ಹೈ’ಯಿಂದ ಮುಂದಕ್ಕೆ ಹೋದದ್ದಿಲ್ಲ. ಅಷ್ಟು ದೊಡ್ಡ ಆಸ್ಪತ್ರೆಯವರಿಗೆ ತೊಂದರೆ ಕೊಡಬಾರದೆಂಬ ಸಂಕೋಚದಿಂದ ಎಲ್ಲಕ್ಕೂ ಅದನ್ನೇ ಹೇಳಿ ಬಂದರು. ಅಂಕಗಳು ತೀರ ಕಡಿಮೆ ಬಂದವು. ನಾನು ಎರಡು ರಾತ್ರಿ ನಿದ್ರೆಗೆಟ್ಟೆ.

ಕಡೆಗೆ ತಿಳಿದದ್ದು ಇಷ್ಟು: ಅವರ ಎರಡೂ ಕಿವಿಗಳು ಬಹಳ ಮಂದವಾಗಿದ್ದವು. ಊರಿನಲ್ಲಿ ಅದು ಯಾರ ಗಮನಕ್ಕೂ ಬಂದಿರಲಿಲ್ಲ; ಅಲ್ಲಿ ಎಲ್ಲರೂ ಗಟ್ಟಿಯಾಗಿ, ಎದುರು ನಿಂತು, ಅವರ ಭಾಷೆಯಲ್ಲಿಯೇ ಮಾತನಾಡುತ್ತಿದ್ದರು. ಇಲ್ಲಿ ಮಕ್ಕಳ ವೇಗದ ಇಂಗ್ಲಿಷು, ಅಡುಗೆಮನೆಯ ಚಿಮಣಿಯ ಸದ್ದು. ಶ್ರವಣಯಂತ್ರ ಹಾಕಿಸಿ, ಕನ್ನಡ ದುಭಾಷಿಯೊಡನೆ ಮತ್ತೆ ಪರೀಕ್ಷೆ ಮಾಡಿಸಿದಾಗ ಅವರ ನೆನಪು ವಯಸ್ಸಿಗೆ ತಕ್ಕಷ್ಟು ಚೆನ್ನಾಗಿಯೇ ಇತ್ತು. ಡಿಮೆನ್ಷಿಯಾ ಕುರಿತ ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ನಾವು ತಡೆಯಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಕಿವುಡುತನ, ಖಿನ್ನತೆ, ಒಂಟಿತನ ಮೂರೂ ಇವೆ. ಮೂರನ್ನೂ ನಾನು ನನ್ನ ಮನೆಯಲ್ಲಿಯೇ ಒಟ್ಟಿಗೆ ಇಟ್ಟುಕೊಂಡು, ನಾಲ್ಕನೆಯದಾದ ಕಾಯಿಲೆಯನ್ನು ಹುಡುಕುತ್ತಿದ್ದೆ.

ಆದುದರಿಂದ ಬಂಧುಗಳಲ್ಲಿ ನನ್ನ ಬಿನ್ನಹ: ಆಸ್ಪತ್ರೆಯಲ್ಲಿ ‘ಕನ್ನಡ’ ಎಂದು ಹೆಸರು ಹಿಡಿದು ದುಭಾಷಿಯನ್ನು ಕೇಳಿ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ರೋಗಿಗೆ ತಿಳಿಯುವ ಭಾಷೆಯಲ್ಲಿ, ಖರ್ಚಿಲ್ಲದೆ, ದುಭಾಷಿಯನ್ನು ಒದಗಿಸಬೇಕೆಂದು ಇಲ್ಲಿಯ ಕಾನೂನಿದೆ. ತುರ್ತು ಸಂದರ್ಭದಲ್ಲಿ ಹೊರತು ಮನೆಯ ಚಿಕ್ಕ ಮಕ್ಕಳನ್ನು ದುಭಾಷಿಯಾಗಿ ಬಳಸುವಂತಿಲ್ಲ. ಹನ್ನೆರಡು ವರ್ಷದ ಮೊಮ್ಮಗಳ ಮುಂದೆ ಅಜ್ಜಿ ಮೂತ್ರದ ತೊಂದರೆಯನ್ನು ಹೇಳಿಕೊಳ್ಳುವರೇ? ಮರೆವಿನ ಪರೀಕ್ಷೆಗಳೂ ನಮ್ಮ ಭಾಷೆಯಲ್ಲಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೂಪಿಸಿದ ಸಾಧನದಲ್ಲಿ ಕನ್ನಡವೂ ಒಂದು.

ಇನ್ನು ಕಾಗದಪತ್ರಗಳ ವಿಚಾರ. ತಂದೆತಾಯಿಗಳಿಗಾಗಿ ಅರ್ಜಿ ಹಾಕಲು ಮಕ್ಕಳು ಅಮೆರಿಕದ ಪೌರರಾಗಿರಬೇಕು, 21 ವರ್ಷ ತುಂಬಿರಬೇಕು. 1965ರ ಕಾನೂನಿನಿಂದ ಈಚೆಗೆ ಇಂತಹ ಅರ್ಜಿಗಳಿಗೆ ವಾರ್ಷಿಕ ಮಿತಿಯಿಲ್ಲ. ಗ್ರೀನ್ ಕಾರ್ಡಿನ ಸರದಿಯಲ್ಲಿಯೇ ವರ್ಷಗಟ್ಟಲೆ ನಿಂತಿರುವ ನಮ್ಮ ಎಷ್ಟೋ ಕುಟುಂಬಗಳಿಗೆ ಇದು ಸಿಗದ ಸೌಲಭ್ಯ. ಅವರ ಪಾಲಿಗೆ ವಿಸಿಟರ್ ವೀಸಾದ ಆರು ತಿಂಗಳೇ ಗತಿ. ಈ ಪ್ರವಾಸಿ ವಿಮೆಗಳು ಮೊದಲೇ ಇರುವ ಸಕ್ಕರೆ ಕಾಯಿಲೆ, ಹೃದ್ರೋಗಗಳ ಖರ್ಚನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅರ್ಜಿ ಹಾಕಿದವರು ಸಹಿ ಮಾಡುವ ಐ-864 ಪತ್ರದ ಹೊಣೆ, ತಂದೆತಾಯಿ ಪೌರರಾಗುವವರೆಗೆ ಅಥವಾ ಹತ್ತು ವರ್ಷಕ್ಕೆ ಸಮನಾದ ದುಡಿಮೆಯನ್ನು ಲೆಕ್ಕಕ್ಕೆ ತೋರಿಸುವವರೆಗೆ ಮುಂದುವರಿಯುತ್ತದೆ. ಓದದೆ ಸಹಿ ಮಾಡಬೇಡಿ.

ಗ್ರೀನ್ ಕಾರ್ಡಿನ ಮೇಲೆ ಬಂದ, 65 ದಾಟಿದವರಿಗೆ ಮೆಡಿಕೇರ್ ಬಾಗಿಲು ತೆರೆಯುವುದು ಇಲ್ಲಿ ಐದು ವರ್ಷ ಸತತವಾಗಿ ನೆಲೆಸಿದ ಮೇಲೆ. ಆಗಲೂ ಇಲ್ಲಿ ದುಡಿದ ಲೆಕ್ಕವಿಲ್ಲದವರು ಹಣ ಕಟ್ಟಬೇಕು. 2025ರ ದರದಲ್ಲಿ ಭಾಗ ‘ಎ’ಗೆ ತಿಂಗಳಿಗೆ 518 ಡಾಲರ್, ಭಾಗ ‘ಬಿ’ಗೆ 185 ಡಾಲರ್. ಅಲ್ಲಿಯವರೆಗೆ ಕವರ್ಡ್ ಕ್ಯಾಲಿಫೋರ್ನಿಯಾ ಮೂಲಕ ವಿಮೆ ಕೊಳ್ಳಬಹುದು. ಹಳೆಯ ಕಾಯಿಲೆಯ ಕಾರಣ ಹೇಳಿ ಅವರು ನಿರಾಕರಿಸುವಂತಿಲ್ಲ. ಬಂದ 60 ದಿನಗಳೊಳಗೆ ಹೆಸರು ನೋಂದಾಯಿಸದಿದ್ದರೆ ಮುಂದಿನ ನೋಂದಣಿ ಕಾಲದವರೆಗೆ ಕಾಯಬೇಕಾದೀತು. ಮೆಡಿ-ಕ್ಯಾಲ್ ನಿಯಮಗಳು ಮತ್ತೆ ಮತ್ತೆ ಬದಲಾಗುತ್ತಿವೆ, ಹಳೆಯ ವಾಟ್ಸ್ಯಾಪ್ ಸಂದೇಶವನ್ನು ನಂಬಬೇಡಿ. ಮೆಡಿಕೇರ್ ಕುರಿತು ಉಚಿತವಾಗಿ ಸಲಹೆ ನೀಡುವ ಹೈಕ್ಯಾಪ್ ಎಂಬ ಸೇವೆ ಈ ರಾಜ್ಯದಲ್ಲಿದೆ.

ಔಷಧಿಯ ಚೀಟಿಯಲ್ಲಿ ಕಂಪನಿಯ ಹೆಸರಿಗೆ ಬದಲು ಔಷಧಿಯ ಮೂಲ ಹೆಸರನ್ನೇ ಬರೆಸಿಕೊಂಡು ಬನ್ನಿ. ನಮ್ಮೂರಿನಲ್ಲಿ ಸಕ್ಕರೆ ಕಾಯಿಲೆಗೆ ಧಾರಾಳವಾಗಿ ಬರೆಯುವ ವಿಲ್ಡಾಗ್ಲಿಪ್ಟಿನ್ ಇಲ್ಲಿ ದೊರೆಯುವುದೇ ಇಲ್ಲ. ತಂದ ಮಾತ್ರೆಗಳು ಮುಗಿದ ದಿನ ಗಾಬರಿಯಿಂದ ಫೋನು ಮಾಡುವವರು ಒಬ್ಬಿಬ್ಬರಲ್ಲ.

ಕಾಗದಪತ್ರಗಳಿಗೆ ನಾವು ಪಡುವ ಶ್ರಮದ ಕಾಲುಭಾಗವನ್ನಾದರೂ ಮನೆಯ ಹೊರಗಿನ ಬದುಕಿಗೆ ಕೊಡಬೇಕೆಂಬುದೇ ನನ್ನ ವಾದ. ನಮ್ಮ ಮನೆಯಲ್ಲಿ ದಾರಿ ತೋರಿದ್ದು ಎದುರು ಬೀದಿಯ ತೆಲುಗು ಹಿರಿಯರೊಬ್ಬರು. ಅಪ್ಪನನ್ನು ಲೇಕ್ ಎಲಿಜಬೆತ್ ಕೆರೆಯ ಏರಿಯ ಮೇಲೆ ತಿರುಗಾಡಲು ಕರೆದೊಯ್ದರು. ಪಕ್ಕದ ಏಜ್ ವೆಲ್ ಸೆಂಟರ್ ತೋರಿಸಿದರು. ಇಬ್ಬರ ನಡುವೆ ಅರ್ಧ ಕನ್ನಡ, ಅರ್ಧ ತೆಲುಗು, ಉಳಿದದ್ದು ಕೈಸನ್ನೆ. ಮುಂದೆ ಮಿಲ್ಪಿಟಾಸಿನ ಇಂಡಿಯಾ ಕಮ್ಯುನಿಟಿ ಸೆಂಟರಿಗೂ ಹೋಗಿಬಂದರು. ಒಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ, ತಪ್ಪು ನಿಲ್ದಾಣದಲ್ಲಿಳಿದು, ಕೇಳಿಕೊಂಡು ಮನೆಗೆ ಬಂದರು. ನಾನು ಬೈದೆ. ಅವರ ಮುಖದಲ್ಲಿ ಮಾತ್ರ ಬಂದಾಗಿನಿಂದ ಕಾಣದಿದ್ದ ಗೆಲುವಿತ್ತು. ಆ ರಾತ್ರಿ ಕೊಬ್ಬರಿ ಧಾರಣೆಯೂ ಮರಳಿತು.

ಅರವತ್ತೈದರಲ್ಲಿ ಬಂದಿದ್ದರೆ ಇದೆಲ್ಲ ಎಷ್ಟು ಸುಲಭವಾಗಿರುತ್ತಿತ್ತು! ಅರವತ್ತೈದರಲ್ಲಿ ನಾವು ಕರೆಸಿಕೊಳ್ಳಲಿಲ್ಲವೆಂದಲ್ಲ. ಬಾಣಂತನಕ್ಕೆ, ಮಗುವನ್ನು ನೋಡಿಕೊಳ್ಳಲು ಆರಾರು ತಿಂಗಳು ಕರೆಸಿಕೊಂಡೆವು. ಮಗು ಶಾಲೆಗೆ ಹೋದ ಮೇಲೆ ಅವರ ಅಗತ್ಯ ನಮಗೆ ಕಾಣಲಿಲ್ಲ. ‘ಕರೆಸಿಕೊಳ್ಳುವುದು’, ‘ಇಟ್ಟುಕೊಳ್ಳುವುದು’ ಎಂದು ನಾವು ಆಡುವ ಮಾತಿನಲ್ಲಿಯೇ ಕೆಲಸವೆಲ್ಲ ನಮ್ಮದು. ಬರುವವರ ಪಾಲಿಗೆ ಏನೂ ಉಳಿದಿಲ್ಲ.

ಬರುವುದಿಲ್ಲವೆಂದು ಹೇಳುವ ಹಕ್ಕೂ ಅವರಿಗಿರಲಿ. ಕೇಳುವಾಗ ಮೊಮ್ಮಕ್ಕಳನ್ನು ಎದುರಿಗಿಟ್ಟು, ವಿಡಿಯೋ ಕರೆಯಲ್ಲಿ ಕೇಳಬೇಡಿ. ಊರಿಗೆ ಹೋಗಿ, ಜಗಲಿಯ ಮೇಲೆ ಕುಳಿತು, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಕೇಳಿ. ಬಾರೆನೆಂದರೆ, ಇಲ್ಲಿ ತಿಂಗಳಿಗೆ ವಿಮೆಗೆ ಕಟ್ಟುವ ಹಣದಲ್ಲಿ ತಿಪಟೂರಿನಂತಹ ಊರಿನಲ್ಲಿ ಅಡುಗೆಯವರನ್ನೂ ರಾತ್ರಿ ಜೊತೆಗಿರುವವರನ್ನೂ ಗೊತ್ತುಮಾಡಬಹುದು, ವರ್ಷಕ್ಕೆರಡು ಸಲ ನೀವೇ ಹೋಗಬಹುದು. ಬಂಧುಗಳ ಮಾತಿಗೆ ಉತ್ತರ ಕೊಡಬೇಕಾದವರು ಅವರಲ್ಲ, ನಾವು.

ಅಪ್ಪ ಕಳೆದ ನವೆಂಬರಿನಲ್ಲಿ ಅಣ್ಣನ ಮೊಮ್ಮಗಳ ಮದುವೆಗೆಂದು ತಿಪಟೂರಿಗೆ ಹೋದರು. ಮಾರ್ಚಿಗೆ ಮರಳುವ ಟಿಕೆಟ್ಟು. ಗ್ರೀನ್ ಕಾರ್ಡಿನವರು ಆರು ತಿಂಗಳು ಮೀರಿ ಹೊರಗಿದ್ದರೆ ವಿಮಾನ ನಿಲ್ದಾಣದಲ್ಲಿ ಪ್ರಶ್ನೆಗಳೇಳುತ್ತವೆ, ಮೊದಲೇ ಅನುಮತಿ ಪಡೆಯದೆ ವರ್ಷ ದಾಟಿದರೆ ಕಾರ್ಡೇ ಹೋಗಬಹುದು. ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದ್ದೆ. ಕಳೆದ ಭಾನುವಾರ ಫೋನಿನಲ್ಲಿ ಧಾರಣೆ ಹೇಳಿ ಮುಗಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾರ್ಚಿನ ಟಿಕೆಟ್ಟು ಮುಂದಕ್ಕೆ ಹಾಕಿಸಕ್ಕಾಗುತ್ತಾ ಪುಟ್ಟಿ?” ಎಂದರು.

“ಎಷ್ಟು ದಿನಕ್ಕಪ್ಪಾ?” ಎಂದೆ.

“ಗೊತ್ತಿಲ್ಲ ಕಣಮ್ಮ. ಹಾಕ್ಸು, ನೋಡೋಣ.”

ಹಾಕಿಸಿದ್ದೇನೆ.